ಎರಡು ದಿನದ ಸಿಸ್ಟಮ್ಸ್ ಇಂಜಿನಿಯರಿಂಗ್ ಕೋರ್ಸು, ಕೆಲಸಕ್ಕೆ ಬಂದಿದ್ದು ಒಂದೇ ಮಧ್ಯಾಹ್ನ

ಕಂಪನಿ ದುಡ್ಡು ಕಟ್ತು ಅಂತ ಹೋಗಿದ್ದೆ, ನನ್ ಜೇಬಿಂದ ಆಗಿದ್ರೆ ಮೊದಲ್ನೇ ದಿನ ಟೀ ಬ್ರೇಕಿಗೇ ಎದ್ದು ಬರ್ತಿದ್ದೆ. ಇಡೀ ದಿನ ಸ್ಲೈಡು, ಅದೇ ವಿ ಮಾಡೆಲ್ (ಒಂದ್ ಕಡೆ ಡಿಸೈನ್, ಇನ್ನೊಂದ್ ಕಡೆ ಟೆಸ್ಟಿಂಗ್ ಹಂತ ತೋರ್ಸೋ V ಆಕಾರದ ನಕ್ಷೆ) ಚಿತ್ರಾನ ನಾಲ್ಕು ಬಣ್ಣದಲ್ಲಿ ತೋರ್ಸಿದ್ರು, ಎಸಿ ಬೇರೆ ಕೆಟ್ಟಿತ್ತು.

ಎರಡನೇ ದಿನ ಮಧ್ಯಾಹ್ನದ ಎಕ್ಸರ್‌ಸೈಜ್ ಮಾತ್ರ ಪೈಸಾ ವಸೂಲು. ಟಿಪಿಎಂ, ಅಂದ್ರೆ ಟೆಕ್ನಿಕಲ್ ಪರ್ಫಾರ್ಮೆನ್ಸ್ ಮೆಷರ್ ಆರಿಸೋದು, ಮಾಡ್ತಿರೋ ವಸ್ತು ಗುರಿ ಮುಟ್ಟತ್ತಾ ಅಂತ ಡಿಸೈನ್ ನಡೀತಿರೋವಾಗ್ಲೇ ಕಣ್ಣಿಡೋ ಅಳತೆಗಳು. ಹೊಲಕ್ಕೆ ಔಷಧಿ ಹೊಡಿಯೋ ಡ್ರೋನಿಗೆ ಮೂವತ್ತು ಅಳತೆ ಬರ್ದಿರೋ ಹಾಳೆ ಕೊಟ್ಟು ಐದೇ ಐದು ಉಳ್ಸಿ ಅಂದ್ರು, ನಮ್ ಟೇಬಲಲ್ಲಿ ಜಗಳಾನೇ ಆಯ್ತು. ಮೇಷ್ಟ್ರು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳೋರು, "ಈ ನಂಬರ್ ಕೆಟ್ರೆ ನಾಳೆ ಬೆಳಿಗ್ಗೆ ಯಾರು ಏನ್ ಬದಲಾಯಿಸ್ತೀರಿ?" ಉತ್ತರ ಇಲ್ವಾ, ಹೊಡೀರಿ ಗೀಟು. ಡ್ರಾಯಿಂಗ್ ಎಷ್ಟು ಪರ್ಸೆಂಟ್ ಮುಗೀತು ಅನ್ನೋದು ನಿಮ್ ಕೆಲಸದ ಲೆಕ್ಕ, ಡ್ರೋನಿನ ಲೆಕ್ಕ ಅಲ್ಲ, ಗೀಟು. "ಬಳಸೋಕೆ ಸುಲಭ" ಅಂತ ಇದ್ದಿದ್ದಕ್ಕೆ ಯಾವ ತಕ್ಕಡೀಲಿ ತೂಗ್ತೀರಿ ಅಂದ್ರು. ಟೇಕಾಫ್ ತೂಕ, ತುಂಬಿದ ಟ್ಯಾಂಕಲ್ಲಿ ಎಷ್ಟು ನಿಮಿಷ ಹಾರತ್ತೆ ಇವೆರಡಕ್ಕೆ ಮಾತ್ರ ಯಾರೂ ತಕರಾರು ತೆಗೀಲಿಲ್ಲ.

ಆಮೇಲೆ ತೂಕದ ಗ್ರಾಫ್ ಬರೆದ್ರು ನೋಡಿ. ಮೇಲೆ ದಾಟಬಾರದ ಗೆರೆ, ಕೆಳಗಡೆ ತಿಂಗಳಿಂದ ತಿಂಗಳಿಗೆ ಅಂದಾಜು ತೂಕ, ಮಧ್ಯ ಕರಗ್ತಾ ಬರೋ ಮಾರ್ಜಿನ್. ಅಂದಾಜು ಇರೋವರೆಗೂ ಕೆಳಗಿನ ಗೆರೆ ಸಾಧು, ವೈರ್ ಹಾರ್ನೆಸ್ಸನ್ನ, ಅಂದ್ರೆ ಒಳಗಿನ ವೈರಿನ ಕಟ್ಟನ್ನ ನಿಜವಾಗ್ಲೂ ತೂಗಿದ ದಿನ ಒಂದೇ ಸಲ ಮೇಲಕ್ಕೆ ಜಿಗಿಯತ್ತೆ (ನಮ್ ಪ್ರಾಜೆಕ್ಟಲ್ಲೂ ಥೇಟ್ ಹಿಂಗೇ ಆಗಿತ್ತು, ವೈರಿನ ತೂಕ ಯಾರ್ ತಲೇಲೂ ಇರಲ್ಲ).

ಬೇಜಾರಾಗಿದ್ದು ಅಂದ್ರೆ ಚಂದ್ರಯಾನ 3ರ ಉದಾಹರಣೇನ ಎರಡೇ ನಿಮಿಷದಲ್ಲಿ ಓಡ್ಸಿಬಿಟ್ರು. ಲ್ಯಾಂಡರ್ ಕಾಲು ತಡ್ಕೊಳ್ಳೋ ವೇಗ ಚಂದ್ರಯಾನ 2ರಲ್ಲಿ ಸೆಕೆಂಡಿಗೆ 2 ಮೀಟರ್ ಇದ್ದಿದ್ದು 3 ಆಯ್ತು, ಇಳಿಯೋ ಜಾಗ 500ಕ್ಕೆ 500 ಮೀಟರ್ ಇದ್ದಿದ್ದು 4 ಕಿಲೋಮೀಟರಿಗೆ 2.4 ಆಯ್ತು, ಇಂಥ ಒಂದು ನಂಬರ್ ಅಲ್ಲಾಡಿದ್ರೆ ಕಾಲಿನ ಬಲ, ಇಂಧನ, ತೂಕ ಎಲ್ಲಾ ಅಲ್ಲಾಡತ್ತಲ್ಲ, ಇದಕ್ಕೇ ಒಂದು ಗಂಟೆ ಕೊಡಬೇಕಿತ್ತು, ವಿ ಮಾಡೆಲ್ ಬದಲು.

ಐದಕ್ಕೆ ಮೂರು ಸ್ಟಾರ್, ಅದ್ರಲ್ಲಿ ಅರ್ಧ ಬಿಸಿಬೇಳೆಬಾತಿಗೆ. ವಾಪಸ್ ಬಂದು ನಮ್ ಶೀಟಲ್ಲಿದ್ದ 22 ಅಳತೇಲಿ 6 ಉಳ್ಸಿ ಮಿಕ್ಕಿದ್ದೆಲ್ಲ ಸದ್ದಿಲ್ದೆ ತೆಗೆದೆ. ಎರಡು ತಿಂಗಳಾಯ್ತು, ಎಲ್ಲೋಯ್ತು ಅಂತ ಒಬ್ರೂ ಕೇಳಿಲ್ಲ.