ಬೈಕ್ ಹ್ಯಾಂಡಲ್‌ಗೆ ತೂತು ಹೊಡೆಸುವ ಮುಂಚೆ ಇದನ್ನು ಓದಿ

ಎಕ್ಸ್‌ಪಲ್ಸ್, ಹಿಮಾಲಯನ್ ಥರದ ಬೈಕ್ ಇಟ್ಟುಕೊಂಡು ಹ್ಯಾಂಡಲ್ ಬದಲಾಯಿಸುವ ಯೋಚನೆಯಲ್ಲಿ ಇದ್ದೀರಾ? ಹಾಗಾದರೆ ಐದು ನಿಮಿಷ ಕೊಡಿ. ನನ್ನ ಎಡಗೈ ಮಣಿಕಟ್ಟಿಗೆ ಇನ್ನೂ ಬ್ಯಾಂಡೇಜ್ ಇದೆ, ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ಕಾಗುಣಿತ ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ಶುರುವಾಗಿದ್ದು ಮೀನಾಕ್ಷಿಪುರದಲ್ಲಿ. ಕೆಆರ್‌ಎಸ್ ಹಿನ್ನೀರು ಇಳಿದಾಗ ಅಲ್ಲಿ ಬಯಲು ಬಿಡುತ್ತದಲ್ಲ, ಮೇಲೆ ನೋಡಿದರೆ ಒಣಗಿದ ಹಾಗೆ, ಒಳಗೆಲ್ಲಾ ಕೆಸರು. ಮುಂದಿನ ಚಕ್ರ ಹೂತುಕೊಂಡು ಬೈಕ್ ಬಲಕ್ಕೆ ಮಲಗಿತು. ನನಗೇನೂ ಆಗಲಿಲ್ಲ, ಹ್ಯಾಂಡಲ್ ಮಾತ್ರ ಎರಡು ಬೆರಳಷ್ಟು ಬಗ್ಗಿತ್ತು. ಕಂಪನಿ ಕೊಟ್ಟ ಸ್ಟೀಲ್ ಹ್ಯಾಂಡಲ್. ಬಗ್ಗಿದ ಹ್ಯಾಂಡಲ್ ಹಿಡಿದುಕೊಂಡೇ ಇಲವಾಲದ ಮೇಲೆ ಮನೆಗೆ ಬಂದೆ. ಬಗ್ಗಿದರೂ ಮುರಿಯದೆ ಮನೆ ತಲುಪಿಸಿದ ಆ ಹ್ಯಾಂಡಲಿನ ಯೋಗ್ಯತೆ ಅವತ್ತು ನನಗೆ ಗೊತ್ತಾಗಲಿಲ್ಲ.

ಸ್ಪೇರ್ಸ್ ಕೌಂಟರಿನಲ್ಲಿ ಕೇಳಿದರೆ ಹತ್ತು ದಿನ ಆಗುತ್ತದೆ ಎಂದರು. ಹತ್ತು ದಿನ ಯಾರು ಕಾಯುತ್ತಾರೆ ಅಂತ ಆಕ್ಸೆಸರಿ ಅಂಗಡಿಗೆ ಹೋದೆ. ಅಂಗಡಿ ಹೆಸರು ಹೇಳುವುದಿಲ್ಲ, ಕೇಳಬೇಡಿ. ಗೋಡೆ ತುಂಬಾ ಕೆಂಪು, ನೀಲಿ, ಚಿನ್ನದ ಬಣ್ಣದ ಅಲ್ಯೂಮಿನಿಯಂ ಹ್ಯಾಂಡಲ್‌ಗಳು, ಮೇಲೆ ದೊಡ್ಡ ವಿದೇಶಿ ಕಂಪನಿಯ ಸ್ಟಿಕರ್. ಅಸಲಿ ಮಾಲಿಗೆ ಇದರ ನಾಲ್ಕೈದು ಪಟ್ಟು ದುಡ್ಡು ಬೇಕು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ 1,900 ರೂಪಾಯಿ ಕೊಟ್ಟೆ. ಬಿಲ್ ಕೇಳಲಿಲ್ಲ. ಹೆಲ್ಮೆಟ್ ತೆಗೆದುಕೊಳ್ಳುವಾಗ ಐಎಸ್‌ಐ ಗುರುತು ನೋಡುವ ನಾನು, ಎರಡೂ ಕೈಯ ಭಾರ ಹೊರುವ ಪೈಪಿಗೆ ಬರೀ ಬಣ್ಣ ನೋಡಿದೆ.

ಮೊದಲ ಎಡವಟ್ಟು ಅಳತೆಯದು. ಸಾಮಾನ್ಯ ಹ್ಯಾಂಡಲ್, ಅದನ್ನು ಬೈಕಿಗೆ ಬಿಗಿಯುವ ಕ್ಲ್ಯಾಂಪ್ ಕೂರುವ ಕಡೆ, 22 ಎಂಎಂ ದಪ್ಪ ಇರುತ್ತದೆ. ನಾನು ತಂದ 'ಫ್ಯಾಟ್ ಬಾರ್' ನಡುವೆ 28.6 ಎಂಎಂ, ಗ್ರಿಪ್ ಹಾಕುವ ತುದಿಯಲ್ಲಿ ಮಾತ್ರ 22. ನನ್ನ ಬೈಕಿನ ಕ್ಲ್ಯಾಂಪಿಗೆ ಅದು ಕೂರುವುದೇ ಇಲ್ಲ. ಆಗ ಅಂಗಡಿಯ ಹುಡುಗ ಒಂದು ಜೊತೆ ರೈಸರ್ ತೆಗೆದ, ಹಳೇ ಕ್ಲ್ಯಾಂಪ್ ಮೇಲೆ ಕೂತು ದಪ್ಪ ಹ್ಯಾಂಡಲ್ ಹಿಡಿಯುವ ತುಂಡುಗಳು. ಅದಕ್ಕೆ ಇನ್ನೂ 700 ರೂಪಾಯಿ. ರೈಸರ್ ಹಾಕಿದರೆ ಹ್ಯಾಂಡಲ್ 30 ಎಂಎಂ ಮೇಲಕ್ಕೆ ಹೋಗುತ್ತದೆ, ಹೊಸ ಹ್ಯಾಂಡಲಿನ ಎತ್ತರ ಅದರ ಮೇಲೆ ಬೇರೆ. ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್, ಬ್ರೇಕ್ ಹೋಸ್ (ಬ್ರೇಕ್ ಆಯಿಲ್ ಪೈಪು) ಮಾತ್ರ ಮೊದಲಿದ್ದಷ್ಟೇ ಉದ್ದ. ಅವೇನು ರಬ್ಬರ್ ಬ್ಯಾಂಡ್ ಅಲ್ವಲ್ಲ.

ಎರಡನೆಯದೇ ಅಸಲು ವಿಷಯ. ನಮ್ಮ ಬೈಕುಗಳಲ್ಲಿ ಗ್ರಿಪ್ ಪಕ್ಕ ಹಾರ್ನ್, ಇಂಡಿಕೇಟರ್ ಗುಂಡಿಗಳಿರುವ ಸ್ವಿಚ್ ಬಾಕ್ಸ್ ಬಿಚ್ಚಿ ನೋಡಿ, ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಮೊಳೆಯಂಥ ಗುಬುಟು ಇರುತ್ತದೆ. ಕಂಪನಿ ಹ್ಯಾಂಡಲಿನಲ್ಲಿ ಅದಕ್ಕೆ ಸರಿಯಾಗಿ ಒಂದು ತೂತು ಇರುತ್ತದೆ, ಸ್ವಿಚ್ ಬಾಕ್ಸ್ ತಿರುಗದೆ ಇರಲಿ ಅಂತ. ಹೊರಗೆ ಸಿಗುವ ಹ್ಯಾಂಡಲ್‌ಗಳಲ್ಲಿ ಸಾಮಾನ್ಯವಾಗಿ ಆ ತೂತು ಇರುವುದಿಲ್ಲ. ಹುಡುಗ ಡ್ರಿಲ್ಲಿಂಗ್ ಮಷೀನ್ ತಂದ. 'ಎಲ್ಲರಿಗೂ ಹಿಂಗೇ ಮಾಡೋದು ಸಾರ್' ಎಂದ. ಕಾಲಿನಲ್ಲಿ ಹ್ಯಾಂಡಲ್ ಒತ್ತಿ ಹಿಡಿದು ಎಡಕ್ಕೊಂದು, ಬಲಕ್ಕೊಂದು ತೂತು ಕೊರೆದ. ಎಡಗಡೆ ಮೊದಲ ಸಲ ಬಿಟ್ ಜಾರಿ ಪಕ್ಕದಲ್ಲೂ ಒಂದು ಗೀರು ಬಿತ್ತು. ನಾನು ಟೀ ಕುಡಿಯುತ್ತಾ ನೋಡುತ್ತಿದ್ದೆ.

ಮಾರನೇ ದಿನದಿಂದಲೇ ಬೈಕ್ ಹೇಳುತ್ತಿತ್ತು, ನಾನೇ ಕೇಳಿಸಿಕೊಳ್ಳಲಿಲ್ಲ. ನಮ್ಮದು ವಠಾರ, ಸಣ್ಣ ಗೇಟು. ಹೊಸ ಹ್ಯಾಂಡಲ್ ಎರಡಿಂಚು ಅಗಲ ಜಾಸ್ತಿ. ಕಂಬಕ್ಕೆ ಲಿವರ್ ಉಜ್ಜಿಕೊಂಡೇ ಬೈಕ್ ಒಳಗೆ ಹೋಗಬೇಕು, ಮಾಲೀಕರ ಹೆಂಡತಿ ದಿನಾ ಬೆಳಿಗ್ಗೆ ಸುಣ್ಣ ಕೆರೆದುಹೋದ ಗುರುತು ತೋರಿಸುತ್ತಿದ್ದರು. ಗೇಟಿನಲ್ಲಿ ಪೂರ್ತಿ ಎಡಕ್ಕೆ ತಿರುಗಿಸಿದರೆ ಎಂಜಿನ್ ತಾನಾಗೇ ರೇಸ್ ಆಗುತ್ತಿತ್ತು, ಕೇಬಲ್ ಎಳೆಯುತ್ತಿದ್ದ ಗುರುತು ಅದು. ಹ್ಯಾಂಡಲ್ ನಿಂತು ಓಡಿಸುವವರಿಗೆ ಮಾಡಿದ ಆಕಾರದ್ದು, ಹಿಂದಕ್ಕೆ ಬಾಗು ಕಮ್ಮಿ. ಆಫೀಸಿಗೆ ಕೂತು ಹೋಗುವ ನನಗೆ ವಾರದೊಳಗೆ ಮಣಿಕಟ್ಟು ನೋವು. ಹಳೇ ಹ್ಯಾಂಡಲ್ ತುದಿಯಲ್ಲಿದ್ದ, ನಡುಕ ತಗ್ಗಿಸುವ ತೂಕದ ಗುಂಡುಗಳು ಇದಕ್ಕೆ ಕೂರಲಿಲ್ಲ, ಹಾಗೇ ಬಿಟ್ಟೆ. ಶ್ರೀರಂಗಪಟ್ಟಣಕ್ಕೆ ಹೋಗಿ ಬರುವಷ್ಟರಲ್ಲಿ ಬೆರಳೆಲ್ಲಾ ಜುಮ್ ಅನ್ನುತ್ತಿತ್ತು. (ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕಿನವರನ್ನು ಬಿಡುವುದಿಲ್ಲ, ಸರ್ವೀಸ್ ರಸ್ತೆಯ ಹಂಪುಗಳೇ ನಮಗೆ ಗತಿ. ಅದು ಬೇರೆ ಕಥೆ.)

ಎರಡೂವರೆ ತಿಂಗಳು ಹೀಗೇ ಓಡಿಸಿದೆ.

ಆ ಭಾನುವಾರ ಕುಂತಿಬೆಟ್ಟ ಹತ್ತಿ, ಪಾಂಡವಪುರದ ಕಡೆಯಿಂದ ನಾಲೆಯ ಏರಿಯ ಮೇಲೆ ವಾಪಸ್ ಬರುತ್ತಿದ್ದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ತುಂಬಿ ಹರಿಯುತ್ತಿತ್ತು. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಏರಿ ಮೇಲೆ ಆಳವಾದ ಜಾಡು ಬಿದ್ದಿತ್ತು. ವೇಗ ಇಪ್ಪತ್ತೂ ಇರಲಿಲ್ಲ. ಜಾಡಿನಿಂದ ಮೇಲೆ ಹತ್ತಿಸಲು ಕೈಗೆ ಭಾರ ಕೊಟ್ಟೆ ನೋಡಿ, ಎಡಗಡೆ ಗ್ರಿಪ್ ಕೈಯೊಳಗೇ ಕೆಳಕ್ಕೆ ಕುಸಿಯಿತು. ಸದ್ದೂ ಇಲ್ಲ. ಸ್ವಿಚ್ ಬಾಕ್ಸಿನ ಪ್ಲಾಸ್ಟಿಕ್ ಹಿಡಿದುಕೊಂಡಿದ್ದರಿಂದ ಪೂರ್ತಿ ಕಳಚಲಿಲ್ಲ, ಮುರಿದ ಕೊಂಬೆಯ ಹಾಗೆ ಜೋತುಬಿತ್ತು. ಎಡಕ್ಕೆ ಗದ್ದೆ, ಬಲಕ್ಕೆ ನಾಲೆ. ನಾನು ಎಡಕ್ಕೆ ಬಿದ್ದೆ. 2018ರಲ್ಲಿ ಇದೇ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ ನಾಲೆಗೆ ಉರುಳಿ 30 ಜನ ಸತ್ತಿದ್ದು ಈ ಕಡೆಯ ಯಾರಿಗೆ ನೆನಪಿಲ್ಲ ಹೇಳಿ. ಗದ್ದೆ ಕೆಸರಿನಲ್ಲಿ ಕೂತು ಆ ನೀರನ್ನೇ ನೋಡುತ್ತಿದ್ದೆ. ಗದ್ದೆಯವರೊಬ್ಬರು ಬಂದು ಎಬ್ಬಿಸಿ, ಬೈಕ್ ಎತ್ತಿಸಿ, ಗೂಡ್ಸ್ ಆಟೋಗೆ ಫೋನ್ ಮಾಡಿಕೊಟ್ಟರು. ದುಡ್ಡು ಕೊಡಲು ಹೋದರೆ 'ಮೊದ್ಲು ಕೈ ತೋರ್ಸ್ಕೊ ಹೋಗಪ್ಪ' ಎಂದು ಬೈದರು.

ಬೈಕನ್ನು ಈ ಸಲ ನಮ್ಮ ಹಳೇ ಮೇಸ್ತ್ರಿ ಹತ್ತಿರ ಇಳಿಸಿದೆ. ಜಾವಾ, ಯೆಜ್ಡಿ ಬಿಚ್ಚಿ ಕಟ್ಟಿಯೇ ಕೆಲಸ ಕಲಿತವರು, ಮೈಸೂರಿನಲ್ಲೇ ಅವುಗಳ ಫ್ಯಾಕ್ಟರಿ ಇದ್ದ ಕಾಲದವರು. ಸ್ವಿಚ್ ಬಾಕ್ಸ್ ಬಿಚ್ಚಿ ಮುರಿದ ಜಾಗ ಬೆಳಕಿಗೆ ಹಿಡಿದರು. ಮುರಿದಿದ್ದು ಸರಿಯಾಗಿ ತೂತಿನ ಮೇಲೇ. ಮುರಿದ ಅಂಚಿನ ಮುಕ್ಕಾಲು ಭಾಗ ಕಪ್ಪಾಗಿ, ಧೂಳು ಕೂತು, ಮಂಕಾಗಿತ್ತು. ಉಳಿದ ಕಾಲು ಭಾಗ ಸಕ್ಕರೆ ಹರಳಿನ ಥರ ಹೊಳೆಯುತ್ತಿತ್ತು. 'ಈ ಕಪ್ಪಗಿರೋದು ಹಳೇ ಬಿರುಕು ಅಣ್ಣ, ಎಷ್ಟೋ ದಿನದಿಂದ ಬಿಡ್ತಾ ಬಂದಿದೆ. ಹೊಳೀತಿರೋದು ಇವತ್ತಿಂದು. ನೀವು ಇಷ್ಟೇ ಇಷ್ಟರ ಮೇಲೆ ಓಡಿಸ್ತಿದ್ರಿ' ಎಂದು ಉಗುರು ತೋರಿಸಿದರು. ಆಮೇಲೆ, 'ಕೊಳಲಿಗೆ ತೂತು ಬೇಕು, ಹ್ಯಾಂಡಲ್‌ಗೆ ಯಾಕ್ ಬೇಕಿತ್ತು?'

ಅವರು ಹೇಳಿದ್ದು, ಆಮೇಲೆ ನಾನು ಓದಿ ತಿಳಿದುಕೊಂಡಿದ್ದು ಸೇರಿಸಿ ಹೇಳುತ್ತೇನೆ. ಸ್ಟೀಲ್ ಹ್ಯಾಂಡಲ್ ಬಿದ್ದಾಗ ಬಗ್ಗುತ್ತದೆ, ಬಗ್ಗಿದ್ದು ಕಣ್ಣಿಗೆ ಕಾಣುತ್ತದೆ, ಮನೆವರೆಗೂ ತಲುಪಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಸಣ್ಣ ಸಣ್ಣ ನಡುಕಕ್ಕೂ ಒಳಗೊಳಗೇ ದಣಿಯುತ್ತಾ ಬರುತ್ತದೆ, ಗೀರು, ತೂತು ಇದ್ದರೆ ಅಲ್ಲಿಂದಲೇ ಬಿರುಕು ಶುರು. ಹಾಗಂತ ಅಲ್ಯೂಮಿನಿಯಂ ಹ್ಯಾಂಡಲೇ ಕೆಟ್ಟದ್ದು ಅಂತಲ್ಲ. ಒಳ್ಳೆಯ ಕಂಪನಿಗಳು 2014-ಟಿ6, 7075-ಟಿ6 ಎಂಬ ಗಟ್ಟಿ ಮಿಶ್ರಲೋಹದಲ್ಲಿ ಮಾಡುತ್ತವೆ, ರೇಸಿನಲ್ಲಿ ಓಡುವುದೂ ಅವೇ. ನಾನು ತಂದದ್ದು ಯಾವ ಲೋಹ ಅಂತ ಅಂಗಡಿಯವನಿಗೇ ಗೊತ್ತಿರಲಿಲ್ಲ. ಮತ್ತೆ, ಅಲ್ಯೂಮಿನಿಯಂ ಹ್ಯಾಂಡಲ್ ಬಿದ್ದು ಬಗ್ಗಿದರೆ ನೆಟ್ಟಗೆ ಮಾಡಿಸಬೇಡಿ, ಬಿಸಾಕಿ.

ತೂತಿಲ್ಲದ ಹ್ಯಾಂಡಲ್‌ಗೆ ಸ್ವಿಚ್ ಬಾಕ್ಸ್ ಕೂರಿಸುವ ದಾರಿ ಇದೆ. ಆ ಗುಬುಟನ್ನೇ ಅರದಲ್ಲಿ ಉಜ್ಜಿ ತೆಗೆಯುವುದು, ಒಳಗೆ ಒಂದು ಸುತ್ತು ತೆಳ್ಳಗಿನ ರಬ್ಬರ್ ಪಟ್ಟಿ ಹಾಕಿ ಸ್ಕ್ರೂ ಬಿಗಿಸುವುದು. ಹತ್ತು ನಿಮಿಷದ ಕೆಲಸ. ಆಕ್ಸಿಲರೇಟರ್ ಕಡೆ ಮಾತ್ರ ಹುಷಾರು, ಗ್ರಿಪ್ ಬಿಟ್ಟ ತಕ್ಷಣ ಟಪ್ ಅಂತ ವಾಪಸ್ ಬರಬೇಕು. ಅಂಗಡಿಗೆ ಹೋಗುವ ಮುಂಚೆ ಹಳೇ ಹ್ಯಾಂಡಲನ್ನು ಸಿಮೆಂಟ್ ನೆಲದ ಮೇಲಿಟ್ಟು ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು ಅಗಲ, ಎತ್ತರ, ಹಿಂದಿನ ಬಾಗು ಮೂರೂ ಟೇಪಿನಲ್ಲಿ ಅಳೆದುಕೊಳ್ಳಿ. ನಿಮ್ಮ ಗೇಟನ್ನೂ ಅಳೆಯಿರಿ, ತಮಾಷೆ ಅಲ್ಲ. ಹಾಕಿಸಿದ ಮೇಲೆ ಎಂಜಿನ್ ಆನ್ ಇಟ್ಟು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಐಡ್ಲಿಂಗ್ ಏರಿದರೆ ಕೇಬಲ್ ಸಾಲುತ್ತಿಲ್ಲ. ಮುಂದಿನ ಚಕ್ರ ನೆಲ ಬಿಟ್ಟು ಎತ್ತಿಸಿ ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಪೂರ್ತಿ ಇಳಿದಾಗ ಬ್ರೇಕ್ ಹೋಸ್ ಬಿಗಿಯುತ್ತಿದೆಯಾ ನೋಡಿ.

ಅಂಗಡಿಗೆ ಮುರಿದ ತುಂಡು ತೆಗೆದುಕೊಂಡು ಹೋಗಿದ್ದೆ. 'ಆಫ್‌ರೋಡ್ ಮಾಡಿದ್ರೆ ಗ್ಯಾರಂಟಿ ಇಲ್ಲ ಸಾರ್' ಎಂದರು. ಆಫ್‌ರೋಡ್ ಹ್ಯಾಂಡಲ್ ಎಂದು ಮಾರಿದವರೂ ಅವರೇ. ಬಿಲ್ ಇಲ್ಲದವನು ಜಗಳ ಆಡಿ ಏನು ಪ್ರಯೋಜನ, ವಾಪಸ್ ಬಂದೆ. ಈಗ ಕಂಪನಿ ಹ್ಯಾಂಡಲ್ ಆರ್ಡರ್ ಕೊಟ್ಟಿದ್ದೇನೆ, ಹತ್ತು ದಿನ ಆಗುತ್ತದಂತೆ, ಆಗಲಿ.

ಈಗಾಗಲೇ ತೂತು ಹೊಡೆಸಿ ಓಡಿಸುತ್ತಿದ್ದೀರಾ? ನಾಳೆ ಬೈಕ್ ತೆಗೆಯುವ ಮುಂಚೆ ಸ್ವಿಚ್ ಬಾಕ್ಸಿನ ಎರಡು ಸ್ಕ್ರೂ ಬಿಚ್ಚಿ, ತೂತಿನ ಸುತ್ತ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಷ್ಟು ಗೆರೆ ಕಂಡು, ಅದಕ್ಕೆ ಉಗುರು ತಾಕಿದರೆ ಆವತ್ತು ಬಸ್ಸಿನಲ್ಲಿ ಹೋಗಿ.