ಗ್ರೇಟ್ ಡೇನ್ ಸಾಕಬೇಕಾ, ಸೇಂಟ್ ಬರ್ನಾರ್ಡಾ?

ಮಕ್ಕಳಿರುವ ಮನೆಗೆ ಎರಡೂ ಒಳ್ಳೆಯವೇ. ಎರಡೂ ಸಮಾಧಾನದ ನಾಯಿಗಳು. ಆದರೆ ಹುಬ್ಬಳ್ಳಿಯ ಬಿಸಿಲನ್ನು ಮೊದಲು ನೆನೆಯಿರಿ. ಏಪ್ರಿಲ್‌ನಲ್ಲಿ 37-38 ಡಿಗ್ರಿ ಇಲ್ಲಿ ಮಾಮೂಲಿ. ಸೇಂಟ್ ಬರ್ನಾರ್ಡ್ ಆಲ್ಪ್ಸ್‌ನ ಹಿಮದ ನಾಯಿ. ಅದರ ದಪ್ಪ ಕೂದಲಿಗೆ ನಮ್ಮ ಬೇಸಿಗೆ ನಿಜಕ್ಕೂ ಹಿಂಸೆ. ಹಗಲಿಡೀ ಎಸಿ ಹಾಕಲು ಆಗದಿದ್ದರೆ ಅದನ್ನು ತರಬೇಡಿ, ಪಾಪ. ಜೊಲ್ಲೂ ಜಾಸ್ತಿ, ಕೂದಲನ್ನು ಆಗಾಗ ಬಾಚಬೇಕು.

ಗ್ರೇಟ್ ಡೇನ್‌ಗೆ ಗಿಡ್ಡ ಕೂದಲು. ಬಿಸಿಲು ಅದಕ್ಕೂ ಕಷ್ಟವೇ, ಆದರೆ ನೆರಳು, ಫ್ಯಾನು, ತಣ್ಣೀರು ಇದ್ದರೆ ಸಂಭಾಳಿಸಬಹುದು. ಬೆಳಗಿನ ಜಾವ ಉಣಕಲ್ ಕೆರೆ ಕಡೆ ನಡೆಸಿದರೆ ಖುಷಿಯಾಗಿರುತ್ತದೆ. ಗಂಡು ನಾಯಿ 76 ಸೆಂ.ಮೀ.ಗೂ ಎತ್ತರ, 60 ಕಿಲೋ ದಾಟುತ್ತದೆ. ಪುಟ್ಟ ಮಗುವನ್ನು ಸುಮ್ನೆ ಬಾಲ ಬೀಸಿಯೇ ಕೆಡವೀತು, ಜೊತೆಗೆ ದೊಡ್ಡವರು ಇರಲೇಬೇಕು.

ಡೇನ್‌ಗೆ ಇರುವ ದೊಡ್ಡ ಅಪಾಯ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದು. ಸೇಂಟ್ ಬರ್ನಾರ್ಡ್‌ಗೂ ಇದೆ, ಡೇನ್‌ಗೆ ಇನ್ನೂ ಹೆಚ್ಚು. ಊಟವನ್ನು ಎರಡು-ಮೂರು ಸಲ ಹಂಚಿ ಹಾಕಿ. ತಿಂದ ಕೂಡಲೇ ಓಡಿಸಬೇಡಿ. ಹೊಟ್ಟೆ ಉಬ್ಬಿ, ವಾಂತಿ ಬಾರದೆ ಒದ್ದಾಡಿದರೆ ಆ ಕ್ಷಣವೇ ವೈದ್ಯರಲ್ಲಿಗೆ ಓಡಬೇಕು.

ಎರಡಕ್ಕೂ ಆಯುಷ್ಯ ಕಡಿಮೆ, ಸುಮಾರು 7ರಿಂದ 10 ವರ್ಷ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ. ಅಂಗಳವಿರುವ ಹುಬ್ಬಳ್ಳಿ-ಧಾರವಾಡದ ಮನೆಯಾದರೆ ನಾನು ಡೇನ್‌ಗೇ ಹೂಂ ಅನ್ನುತ್ತೇನೆ.