ಒಂದೇ ಅಚ್ಚು, ನಾಲ್ಕು ಮುಚ್ಚಳ: ಯಾವ ಫೈಬರ್‌ಗೆ ಯಾವ ರೆಸಿನ್?

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಬ್ರಷ್ ಹಿಡಿದು ಫೈಬರ್ ಕೆಲಸ ಮಾಡುವವರಿಗೆ ನನ್ನ ಆಯ್ಕೆ ಗಾಜಿನ ಎಳೆಯಲ್ಲಿ ನೇಯ್ದ ಗ್ಲಾಸ್ ಬಟ್ಟೆ ಮತ್ತು ಎಪಾಕ್ಸಿ ರೆಸಿನ್. ರೆಸಿನ್ ಅಂದರೆ ಹಾರ್ಡ್‌ನರ್ ಬೆರೆಸಿದಾಗ ಗಟ್ಟಿಯಾಗುವ ದ್ರವ, ಎಳೆಗಳನ್ನು ಒಂದಾಗಿ ಹಿಡಿಯುವುದು ಅದೇ. ಇದು ಗೊತ್ತಾಗುವಷ್ಟರಲ್ಲಿ ಒಂದು ಮುಚ್ಚಳ ಪೂರ್ತಿ ಹಾಳಾಗಿತ್ತು. ಅದರ ಜೊತೆ ಒಂದು ಡಬ್ಬ ಒಳ್ಳೆಯ ಎಪಾಕ್ಸಿಯೂ ಹೋಯಿತು.

ಬಯಲಲ್ಲಿರುವ ಪಂಪಿನ ತಗಡಿನ ಮುಚ್ಚಳ ತುಕ್ಕು ಹಿಡಿದು ತೂತಾಗಿತ್ತು. ಹೊಸದನ್ನು ಫೈಬರ್‌ನಲ್ಲೇ ಮಾಡೋಣ ಅನಿಸಿತು. ಪ್ಲೈವುಡ್‌ನಲ್ಲಿ ಅಚ್ಚು ಮಾಡಿದೆ. ಮೂಲೆಗಳನ್ನು ಉಜ್ಜಿ ದುಂಡಾಗಿಸಿದೆ. ಮುಚ್ಚಳ ಸಲೀಸಾಗಿ ಕಳಚಿಬರಲಿ ಎಂದು ಗೋಡೆಗಳನ್ನು ಕೆಳಗೆ ಸ್ವಲ್ಪ ಅಗಲ ಬಿಟ್ಟೆ. ಅಚ್ಚಿನ ಮೈಗೆಲ್ಲ ಎಪಾಕ್ಸಿ ಬಳಿದು, ನುಣುಪು ಮಾಡಿ, ಮೇಲೆ ಮೇಣ ಸವರಿದೆ. ಹೊದಿಸಬೇಕಾದ ಜಾಗ ಹೆಚ್ಚುಕಡಿಮೆ ಒಂದು ಚದರ ಮೀಟರ್. ಈ ಒಂದೇ ಅಚ್ಚಿನ ಮೇಲೆ ನಾಲ್ಕು ಮುಚ್ಚಳ ಎಳೆದಿದ್ದೇನೆ, ಹಾಗಾಗಿ ಹೋಲಿಕೆ ನೇರವಾಗಿದೆ.

ಮೊದಲನೆಯದೇ ಕೆಟ್ಟಿದ್ದು. ಅದರ ಕಥೆ ಸ್ವಲ್ಪ ಉದ್ದ. ಈ ತಪ್ಪನ್ನು ಇನ್ನೊಬ್ಬರು ಮಾಡಬಾರದು ಅನ್ನೋದು ನನ್ನ ಆಸೆ.

ನಾನು ತಂದದ್ದು ಚಾಪ್ಡ್ ಸ್ಟ್ರ್ಯಾಂಡ್ ಮ್ಯಾಟ್. ಬೆರಳುದ್ದಕ್ಕಿಂತ ಚಿಕ್ಕ ಗಾಜಿನ ಎಳೆಗಳನ್ನು ದಿಕ್ಕಿಲ್ಲದೆ ಚೆಲ್ಲಿ, ಅಂಟು ಹಾಕಿ ಕೂರಿಸಿದ ಹಾಳೆ ಅದು. ಚದರ ಮೀಟರಿಗೆ 450 ಗ್ರಾಂನದು. ರೆಸಿನ್ ವಿಷಯಕ್ಕೆ ಬಂದಾಗ, ಎಪಾಕ್ಸಿ ಜಾಸ್ತಿ ಗಟ್ಟಿ ಎಂದು ಎಲ್ಲರೂ ಹೇಳುತ್ತಾರೆ, ಅದನ್ನೇ ತಂದೆ. ಎರಡೂ ಒಳ್ಳೆಯ ಸಾಮಾನು. ಜೋಡಿ ಮಾತ್ರ ತಪ್ಪು. ಮಾರಿದವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಪದರಕ್ಕೆ ಎಪಾಕ್ಸಿ ಸುರಿದು ಬ್ರಷ್‌ನಿಂದ ಒತ್ತಿದೆ. ಮ್ಯಾಟ್ ಒದ್ದೆಯಾಯಿತು, ಮೆತ್ತಗಾಗಲಿಲ್ಲ. ಸಪಾಟು ಜಾಗದಲ್ಲಿ ಹೇಗೋ ಕೂತಿತು. ಮೂಲೆಗೆ ಬಂದಾಗ ರಟ್ಟಿನ ಹಾಗೆ ಬಿರುಸಾಗಿಯೇ ಉಳಿಯಿತು. ಒತ್ತಿದರೆ ಕೂರುತ್ತದೆ, ಕೈ ತೆಗೆದರೆ ಮೆಲ್ಲಗೆ ಏಳುತ್ತದೆ. ಒಂದು ಮೂಲೆ ಕೂರಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದರ ಕೆಳಗೆ ಗಾಳಿ ತುಂಬಿಕೊಂಡಿರುತ್ತಿತ್ತು. ಅಲ್ಲಲ್ಲಿ ಬಿಳಿ ಎಳೆಗಳು ಹಾಗೇ ಕಾಣುತ್ತಿದ್ದವು. ಇನ್ನಷ್ಟು ಎಪಾಕ್ಸಿ ಸುರಿದೆ. ಅದು ಗೋಡೆಗುಂಟ ಇಳಿದು ಕೆಳಗೆ ನಿಂತಿತು, ಬಿಳಿ ಮಾತ್ರ ಹೋಗಲಿಲ್ಲ. ಅಷ್ಟರಲ್ಲಿ ಡಬ್ಬದಲ್ಲಿ ಕಲೆಸಿಟ್ಟಿದ್ದು ಬಿಸಿಯಾಗಿ, ಮುಟ್ಟಲಾಗದಷ್ಟು ಕಾದು, ಗಟ್ಟಿಯಾಯಿತು.

ಕಾರಣ ಆಮೇಲೆ ತಿಳಿಯಿತು. ಎಳೆಗಳನ್ನು ಹಿಡಿದಿಡುವ ಆ ಅಂಟನ್ನು ಸ್ಟೈರೀನ್ ಎಂಬ ಘಾಟು ದ್ರವದಲ್ಲಿ ಕರಗುವಂತೆ ಮಾಡಿರುತ್ತಾರೆ. ಪಾಲಿಯೆಸ್ಟರ್ ಎಂಬ ಇನ್ನೊಂದು ಬಗೆಯ ರೆಸಿನ್‌ನಲ್ಲಿ ಸ್ಟೈರೀನ್ ಧಾರಾಳವಾಗಿ ಇರುತ್ತದೆ. ರೆಸಿನ್ ತಾಗಿದ ಕೂಡಲೇ ಅಂಟು ಬಿಡುತ್ತದೆ, ಎಳೆಗಳು ಸಡಿಲವಾಗಿ ಅಚ್ಚಿನ ಆಕಾರಕ್ಕೆ ಬರುತ್ತವೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಅಂಟು ಕರಗುವುದಿಲ್ಲ, ಮ್ಯಾಟ್ ಬಿರುಸಾಗಿಯೇ ಇರುತ್ತದೆ. ಎಷ್ಟು ಒತ್ತಿದರೂ, ಎಷ್ಟು ಸುರಿದರೂ ಇದು ಸರಿಹೋಗುವ ತಪ್ಪಲ್ಲ. ಮ್ಯಾಟೇ ಬೇಕು, ಎಪಾಕ್ಸಿಯೇ ಬೇಕು ಎನ್ನುವವರು ಅಂಟಿನ ಬದಲು ದಾರದಿಂದ ಹೊಲಿದ ಮ್ಯಾಟ್ ಕೇಳಿ ತರಬೇಕು.

ಆ ಮುಚ್ಚಳವನ್ನು ಆದರೂ ಹಾಕಿದೆ. ಒಂದೇ ಮಳೆಗಾಲ. ಗಾಳಿ ನಿಂತಿದ್ದ ಮೂಲೆಯಲ್ಲೇ ಬಿರುಕು ಬಿಟ್ಟು ನೀರು ಇಳಿಯಿತು. ಕತ್ತರಿಸಿ ನೋಡಿದರೆ ಎರಡು ಪದರದ ನಡುವೆ ಉಗುರು ತೂರಿಸುವಷ್ಟು ಸಂದು. ಒಳಗಿನ ಎಳೆಗಳು ಒಣಗಿದ ಹುಲ್ಲಿನ ಹಾಗೆ ಬಿಡಿಬಿಡಿಯಾಗಿ ಕೈಗೆ ಬಂದವು, ರೆಸಿನ್ ಅವನ್ನು ಮುಟ್ಟಿಯೇ ಇರಲಿಲ್ಲ.

ಎರಡನೆಯದಕ್ಕೆ ಅದೇ ಮ್ಯಾಟ್, ಪಾಲಿಯೆಸ್ಟರ್ ರೆಸಿನ್. ಎಷ್ಟು ವ್ಯತ್ಯಾಸ! ಒಂದೆರಡು ನಿಮಿಷದಲ್ಲಿ ಮ್ಯಾಟ್ ನೆಂದ ಕಾಗದದಂತೆ ಮೆತ್ತಗಾಗಿ ಮೂಲೆಗೆ ಅಂಟಿಕೊಂಡಿತು. ಈ ಜೋಡಿಯನ್ನು ಕಳಪೆ ಎನ್ನಲು ನನಗೆ ಮನಸ್ಸಿಲ್ಲ. 1953ರಲ್ಲಿ ಬಂದ ಷೆವರ್ಲೆ ಕಾರ್ವೆಟ್ ಕಾರಿನ ಮೈ ಗ್ಲಾಸ್ ಫೈಬರ್ ಮತ್ತು ಪಾಲಿಯೆಸ್ಟರ್‌ನದೇ. ದೋಣಿಗಳು, ನೀರಿನ ಟ್ಯಾಂಕುಗಳು ಇಂದಿಗೂ ಇದರಲ್ಲೇ ಆಗುತ್ತವೆ. ಬೇಗ ದಪ್ಪ ಬರುತ್ತದೆ: 450 ಗ್ರಾಂ ಮ್ಯಾಟಿನ ಒಂದು ಪದರಕ್ಕೆ ಸುಮಾರು ಒಂದು ಮಿಲಿಮೀಟರ್.

ನನಗೆ ಒಗ್ಗದಿದ್ದು ವಾಸನೆ. ಕಿಟಕಿ, ಬಾಗಿಲು ತೆರೆದು, ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡಿದೆ. ಆದರೂ ಎರಡು ದಿನ ಮನೆಯಲ್ಲೆಲ್ಲ ಸ್ಟೈರೀನ್ ಘಾಟು. ಗಾಳಿಗೆ ತೆರೆದಿದ್ದ ಮೇಲ್ಮೈ ಜಿಗುಟಾಗಿಯೇ ಉಳಿಯಿತು. ಕೊನೆಯ ಪದರಕ್ಕೆ ಮೇಣ ಬೆರೆಸಿದ ರೆಸಿನ್ ಬಳಿದ ಮೇಲೆ ಸರಿಹೋಯಿತು. ಮರಕ್ಕೂ ಇದು ಎಪಾಕ್ಸಿಯಷ್ಟು ಚೆನ್ನಾಗಿ ಕಚ್ಚುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಪಾಲಿಯೆಸ್ಟರ್ ಜೊತೆ ಕೆಲವರು ಎರಡು ಬಾಟಲಿ ಕೊಡುತ್ತಾರೆ, ಒಂದು ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್, ಇನ್ನೊಂದು ಪೆರಾಕ್ಸೈಡ್ ಹಾರ್ಡ್‌ನರ್. ಇವೆರಡನ್ನು ನೇರವಾಗಿ ಒಂದಕ್ಕೊಂದು ಎಂದೂ ಬೆರೆಸಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಕೋಬಾಲ್ಟ್ ಅನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲೆಸಿ, ಆಮೇಲೆ ಹಾರ್ಡ್‌ನರ್ ಹಾಕಬೇಕು. ಅಳತೆಗಳನ್ನು ಡಬ್ಬದ ಮೇಲೆ ಬರೆದಂತೆಯೇ ಪಾಲಿಸಿ.

ಮೂರನೆಯದು ನನ್ನ ಮೆಚ್ಚಿನದು: 200 ಗ್ರಾಂನ ನೇಯ್ದ ಗ್ಲಾಸ್ ಬಟ್ಟೆ, ನಾಲ್ಕು ಪದರ, ಎಪಾಕ್ಸಿ. ಇಲ್ಲಿ ಎಳೆಗಳನ್ನು ಹಿಡಿದಿಡುವುದು ಹಾಸು-ಹೊಕ್ಕಿನ ನೇಯ್ಗೆ, ಅಂಟಲ್ಲ. ಕರಗಬೇಕಾದ್ದೇ ಏನೂ ಇಲ್ಲ.

ಈ ಬಟ್ಟೆ ನನಗೆ ಇಷ್ಟವಾಗಲು ಮುಖ್ಯ ಕಾರಣ ಗಟ್ಟಿತನ ಅಲ್ಲ. ಇದು ನನ್ನ ತಪ್ಪನ್ನು ಅಲ್ಲೇ ತೋರಿಸುತ್ತದೆ. ಒಣಗಿದ್ದಾಗ ಬಟ್ಟೆ ಬೆಳ್ಳಗೆ, ರೇಷ್ಮೆಯಂತೆ ಹೊಳೆಯುತ್ತಿರುತ್ತದೆ. ಎಪಾಕ್ಸಿ ಇಳಿಯುತ್ತಿದ್ದಂತೆ ಬಿಳಿ ಬಣ್ಣ ಅಂಚಿನಿಂದ ಹಿಂದೆ ಸರಿಯುತ್ತ ಹೋಗಿ, ಬಟ್ಟೆ ಕಣ್ಣಿಗೆ ಕಾಣದಂತಾಗುತ್ತದೆ. ಗಾಜು ಮತ್ತು ಎಪಾಕ್ಸಿ ಎರಡೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ರೀತಿ ಬಾಗಿಸುತ್ತವೆ, ಅದಕ್ಕೇ ಹೀಗೆ. ಕೆಳಗಿನ ಅಚ್ಚಿನ ಮೇಲೆ ನಾನು ಎಳೆದಿದ್ದ ಪೆನ್ಸಿಲ್ ಗೆರೆ ನಾಲ್ಕು ಪದರದ ಮೂಲಕವೂ ಕಾಣುತ್ತಿತ್ತು. ಎಲ್ಲಿ ಬಿಳಿ ಚುಕ್ಕೆ ಉಳಿದಿದೆಯೋ ಅಲ್ಲಿ ಗಾಳಿ ಇದೆ ಎಂದರ್ಥ. ರೆಸಿನ್ ಗಟ್ಟಿಯಾಗುವ ಮುಂಚೆ ಹೋಗಿ ಒತ್ತಿ ಹೊರಹಾಕಬಹುದು.

ಮೂಲೆಗಳಿಗೆ ಒಂದು ಉಪಾಯ ಕಲಿತೆ. ಬಟ್ಟೆಯನ್ನು ಎಳೆಗೆ ಓರೆಯಾಗಿ, 45 ಡಿಗ್ರಿಗೆ ತಿರುಗಿಸಿ ಕತ್ತರಿಸಿದರೆ ಅದು ಹಿಗ್ಗುತ್ತದೆ, ದುಂಡು ಮೂಲೆಗೆ ಮಡಿಕೆ ಇಲ್ಲದೆ ಕೂರುತ್ತದೆ. ಸಾದಾ ನೇಯ್ಗೆಗಿಂತ, ಓರೆ ಗೆರೆ ಕಾಣುವ ಟ್ವಿಲ್ ನೇಯ್ಗೆ ಇನ್ನೂ ಸಲೀಸು. ಕತ್ತರಿಸಿದ ಅಂಚು ಮಾತ್ರ ಎಳೆ ಬಿಚ್ಚಿಕೊಂಡು ಕಾಡುತ್ತದೆ. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, ಟೇಪ್ ನಡುವೆಯೇ ಕತ್ತರಿ ಆಡಿಸಿದರೆ ಅಂಚು ನಿಲ್ಲುತ್ತದೆ.

ದುಬಾರಿ ಅಲ್ವಾ ಎಂದು ಕೇಳುತ್ತೀರಿ. ಕಿಲೋ ಲೆಕ್ಕದಲ್ಲಿ ಹೌದು, ಬಟ್ಟೆಯೂ ದುಬಾರಿ, ಎಪಾಕ್ಸಿಯೂ ದುಬಾರಿ. ಆದರೆ ಎಷ್ಟು ಕುಡಿಯಿತು ನೋಡಿ. ಎರಡು ಪದರ ಮ್ಯಾಟ್ ಅಂದರೆ 900 ಗ್ರಾಂ, ಅದಕ್ಕೆ ಎರಡು ಕಿಲೋ ಹತ್ತಿರ ಪಾಲಿಯೆಸ್ಟರ್ ಹೋಯಿತು. ನಾಲ್ಕು ಪದರ ಬಟ್ಟೆ 800 ಗ್ರಾಂ, ಎಪಾಕ್ಸಿಯೂ ಸುಮಾರು ಅಷ್ಟೇ. ಮ್ಯಾಟು ತನ್ನ ತೂಕದ ಎರಡು ಪಾಲಿಗಿಂತ ಜಾಸ್ತಿ ರೆಸಿನ್ ಹೀರುತ್ತದೆ, ಬಟ್ಟೆ ತನ್ನ ತೂಕದಷ್ಟೇ. ಹೀಗಾಗಿ ಒಂದು ಮುಚ್ಚಳದ ಖರ್ಚಿನಲ್ಲಿ ಅಂತರ ಅಂದುಕೊಂಡಷ್ಟು ದೊಡ್ಡದಲ್ಲ. ಎತ್ತಿದರೆ ತೂಕದ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಬಟ್ಟೆಯ ಕೊರತೆ ದಪ್ಪ. ನಾಲ್ಕು ಪದರ ಸೇರಿಯೂ ಒಂದು ಮಿಲಿಮೀಟರ್ ಆಸುಪಾಸು. ಹಾಳೆ ಬಗ್ಗದಿರುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟು. ನನ್ನ ಮುಚ್ಚಳದ ಸಪಾಟು ನೆತ್ತಿ ಒತ್ತಿದರೆ ತಗ್ಗುತ್ತಿತ್ತು. ಪೈಪನ್ನು ಉದ್ದಕ್ಕೆ ಅರ್ಧ ಸೀಳಿ, ಒಳಮೈಗೆ ಅಡ್ಡ ಇಟ್ಟು, ಮೇಲೆ ಎರಡು ಪದರ ಬಟ್ಟೆ ಹೊದಿಸಿದೆ. ಈಗ ಅಲುಗಾಡುವುದಿಲ್ಲ.

ಎಪಾಕ್ಸಿಯಲ್ಲಿ ಅಳತೆ ತಪ್ಪಬಾರದು. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಜಾಸ್ತಿ ಹಾಕಿದರೆ ಮೆತ್ತಗೇ ಉಳಿಯುತ್ತದೆ. ತಂಪಾದ, ತೇವದ ದಿನ ಮೇಲೆ ಜಿಡ್ಡಿನಂಥ ಪೊರೆ ಬರುತ್ತದೆ. ಅದನ್ನು ನೀರಲ್ಲಿ ತೊಳೆದು, ಆಮೇಲೆ ಉಪ್ಪುಕಾಗದ ಹಿಡಿಯಬೇಕು. ಬಿಸಿಲಲ್ಲಿ ಇಡುವುದಾದರೆ ಮೇಲೆ ಬಣ್ಣ ಬಳಿಯಲೇಬೇಕು. ಕೈಗವಸು ಇಲ್ಲದೆ ಮುಟ್ಟಬೇಡಿ, ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿದರೆ ಬಿಡುವುದಿಲ್ಲ.

ನಾಲ್ಕನೆಯದು ಸೆಣಬಿನ ಬಟ್ಟೆ, ಎಪಾಕ್ಸಿ. ಇದನ್ನು ತುಂಬ ಆಸೆಯಿಂದ ಮಾಡಿದೆ. ಗಿಡದ ನಾರು, ಗಾಜಿಗಿಂತ ಹಗುರ, ಉಜ್ಜಿದರೆ ಮೈ ತುರಿಸುವುದಿಲ್ಲ. ಗಿಡದ ನಾರು ಕೆಲಸಕ್ಕೆ ಬಾರದು ಎನ್ನುವಂತಿಲ್ಲ. ಪೂರ್ವ ಜರ್ಮನಿಯ ಟ್ರಾಬಾಂಟ್ ಕಾರು 1957ರಿಂದ ತಯಾರಾಯಿತು. ಅದರ ಮೈಯ ಹಾಳೆಗಳು ಹತ್ತಿಯ ಉಳಿಕೆ ನಾರು ಮತ್ತು ಫೀನಾಲಿಕ್ ರೆಸಿನ್‌ನವು. ಆದರೆ ಅವರು ಬಿಸಿ ಕೊಟ್ಟು ಪ್ರೆಸ್‌ನಲ್ಲಿ ಒತ್ತುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಬ್ರಷ್.

ಸೆಣಬು ಒಣಗಿದಂತೆ ಕಂಡರೂ ಒಳಗೆ ಗಾಳಿಯ ತೇವ ಹಿಡಿದಿಟ್ಟಿರುತ್ತದೆ. ಬಿಸಿಲಿಗೆ ಹಾಕುವ ಮುಂಚೆ ಮತ್ತು ಆಮೇಲೆ ತೂಗಿ ನೋಡಿದೆ, ತೂಕ ಇಳಿದಿತ್ತು. ಒಳಗೆ ತಂದು ಒಂದು ರಾತ್ರಿ ಬಿಟ್ಟರೆ ಮತ್ತೆ ಏರಿತ್ತು. ಎಪಾಕ್ಸಿಯನ್ನಂತೂ ಕುಡಿದಷ್ಟೂ ಕುಡಿಯಿತು. ಎಲ್ಲಕ್ಕಿಂತ ದೊಡ್ಡ ತೊಂದರೆ, ಒದ್ದೆಯಾದ ಮೇಲೆ ಎಲ್ಲ ಒಂದೇ ಕಂದು ಬಣ್ಣ. ಗಾಳಿ ಎಲ್ಲಿ ನಿಂತಿದೆ ಗೊತ್ತೇ ಆಗುವುದಿಲ್ಲ. ನೋಡಲು ಮಾತ್ರ ನಾಲ್ಕರಲ್ಲೂ ಇದೇ ಚಂದ. ಅದನ್ನು ಒಳಗೆ, ಉಪಕರಣಗಳ ಮೇಲೆ ಮುಚ್ಚಲು ಇಟ್ಟುಕೊಂಡಿದ್ದೇನೆ.

ನಾನು ರಜೆಯ ದಿನ ಎರಡು ಮೂರು ಗಂಟೆ ಒಬ್ಬನೇ ಕೂತು, ನಿಧಾನವಾಗಿ ಕೆಲಸ ಮಾಡುವವನು. ವರ್ಷಕ್ಕೆ ಎರಡೋ ಮೂರೋ ಸಣ್ಣ ವಸ್ತು. ನಿಧಾನದ ಹಾರ್ಡ್‌ನರ್ ಇರುವ ಎಪಾಕ್ಸಿ ನನಗೆ ಸಮಯ ಕೊಡುತ್ತದೆ, ಬಟ್ಟೆ ತಪ್ಪು ತೋರಿಸುತ್ತದೆ. ಹತ್ತು ಮುಚ್ಚಳ ಒಂದೇ ಬಾರಿ ಬೇಕಿದ್ದರೆ, ಅಥವಾ ದೊಡ್ಡ ಟ್ಯಾಂಕ್ ಮಾಡುವುದಿದ್ದರೆ, ಬಯಲಲ್ಲಿ ನಿಂತು ಮ್ಯಾಟ್ ಮತ್ತು ಪಾಲಿಯೆಸ್ಟರ್‌ನಲ್ಲೇ ಮಾಡುತ್ತಿದ್ದೆ. ಸುಮ್ನೆ ಎಪಾಕ್ಸಿಗೆ ದುಡ್ಡು ಸುರಿಯುತ್ತಿರಲಿಲ್ಲ.

ಪಂಪಿನ ಮೇಲೆ ಈಗ ಇರುವುದು ಬಟ್ಟೆಯ ಮುಚ್ಚಳ. ಎರಡು ಮಳೆಗಾಲ ಕಳೆದಿದೆ, ಮೂಲೆಗಳನ್ನು ಬೆರಳಲ್ಲಿ ತಟ್ಟಿದರೆ ಎಲ್ಲೂ ಪೊಳ್ಳು ಸದ್ದಿಲ್ಲ. ಉಳಿದ ಮ್ಯಾಟಿನ ಸುರುಳಿಗೆ ಚೀಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ: ‘ಪಾಲಿಯೆಸ್ಟರ್‌ಗೆ ಮಾತ್ರ’.